ಕೈ ಬೇಕು, ಮನುಷ್ಯ ಬೇಡ!

ಪರನಾಡಿನಿಂದ ಬಂದವನನ್ನು ಹೊರಗೆ ಹಾಕಿರೆಂಬ ಕೂಗು ಲೋಕಕ್ಕೆ ಹೊಸದಲ್ಲ. ಕಾಲಕ್ಕೊಂದು ದೇಶದಲ್ಲಿ, ದೇಶಕ್ಕೊಂದು ಹೆಸರಿನಲ್ಲಿ ಅದು ಏಳುತ್ತ ಬಂದಿದೆ, ಇಂದಿಗೂ ಅಡಗಿಲ್ಲ. ಈ ಕೂಗಿಗೆ ಯಾವಾಗಲೂ ಎರಡು ನಾಲಗೆಗಳು. "ಇವನು ನಮ್ಮ ಅನ್ನವನ್ನು ಕಸಿದುಕೊಳ್ಳುತ್ತಾನೆ" ಎಂದು ಒಂದು ನಾಲಗೆ ನುಡಿಯುವದು. "ಇವನು ನಮ್ಮ ಸಂಸ್ಕೃತಿಯನ್ನು ಕೆಡಿಸುತ್ತಾನೆ" ಎಂದು ಇನ್ನೊಂದು ನುಡಿಯುವದು. ಮೊದಲನೆಯ ಮಾತಿಗೆ ಲೆಕ್ಕ ಕೇಳಿದರೆ ಎರಡನೆಯದನ್ನು ಮುಂದೆ ಮಾಡುವರು. ಎರಡನೆಯದಕ್ಕೆ ಆಧಾರ ಕೇಳಿದರೆ ಮೊದಲನೆಯದಕ್ಕೆ ಮರಳುವರು. ಈ ಎರಡು ನಾಲಗೆಗಳಿಗೂ ತಮ್ಮತಮ್ಮೊಳಗೆ ಇರುವ ಒಪ್ಪಂದವೇನೆಂಬುದನ್ನು ಒಮ್ಮೆ ಬಿಚ್ಚಿ ನೋಡುವದು ಅವಶ್ಯವೆಂದು ನಾವು ಭಾವಿಸುತ್ತೇವೆ.

ಇದಕ್ಕಾಗಿ ನಾವು ದಕ್ಷಿಣ ಆಫ್ರಿಕೆಯ ನೆಟಾಲ ಪ್ರಾಂತದ ಕಥೆಯನ್ನು ಆರಿಸಿಕೊಂಡಿದ್ದೇವೆ. ಅಲ್ಲಿ ಹೊರಗಟ್ಟಲ್ಪಟ್ಟವರು ನಮ್ಮವರೆಂಬುದು ಒಂದು ಕಾರಣ. ಅಲ್ಲಿ ಹೊರಗಟ್ಟುವ ಕೆಲಸಕ್ಕೆ ಬಳಸಿದ ಆಯುಧವು ಭಾಷೆಯಾಗಿತ್ತೆಂಬುದು ಅದಕ್ಕಿಂತ ದೊಡ್ಡ ಕಾರಣ. ಭಾಷೆಯ ಹೆಸರಿನಿಂದ ಒಂದಾದ ನಾಡಿನ ಜನರು ಈ ಕಥೆಯನ್ನು ಎರಡು ಸಲ ಓದಬೇಕು.

೧೮೬೦ನೆಯ ಇಸವಿಯ ನವಂಬರ ೧೬ರಂದು 'ಟ್ರೂರೋ' ಎಂಬ ಹಡಗು ಮದ್ರಾಸಿನಿಂದ ಹೊರಟು ನೆಟಾಲದ ಬಂದರವನ್ನು ಮುಟ್ಟಿತು. ಅದರಲ್ಲಿ ಮುನ್ನೂರಕ್ಕೂ ಹೆಚ್ಚು ಮಂದಿ ಭಾರತೀಯ ಕೂಲಿಗಾರರಿದ್ದರು. ಇವರು ತಾವಾಗಿ ಬಂದವರೇ? ಅಲ್ಲ, ಕರೆತರಲ್ಪಟ್ಟವರು. ನೆಟಾಲದ ಬಿಳಿಯ ತೋಟದ ಒಡೆಯರಿಗೆ ಕಬ್ಬು ಬೆಳೆಯಬೇಕಾಗಿತ್ತು; ಆ ನಾಡಿನ ಮೂಲಜನರಾದ ಜುಲು ಜನರು ತಮ್ಮ ಹೊಲ-ದನಗಳನ್ನು ಬಿಟ್ಟು ತೋಟದ ದುಡಿತಕ್ಕೆ ಬರಲು ಒಪ್ಪಲಿಲ್ಲ. ಆಗ ಒಡೆಯರು ಸರಕಾರವನ್ನು ಮುಂದೆ ಮಾಡಿ ಹಿಂದುಸ್ಥಾನದ ಬಡವರನ್ನು ಐದು ವರ್ಷಗಳ ಕರಾರಿನ ಮೇಲೆ ತರಿಸಿಕೊಂಡರು. ಈ ಕರಾರಿಗೆ ನಮ್ಮ ಜನರು 'ಗಿರಮಿಟ'ವೆಂದರು. ಮೊದಲ ವರ್ಷ ತಿಂಗಳಿಗೆ ಹತ್ತು ಶಿಲಿಂಗು ಸಂಬಳ, ಮುಂದೆ ವರ್ಷಕ್ಕೊಂದು ಶಿಲಿಂಗು ಹೆಚ್ಚಿಗೆ. ಕರಾರು ಮುಗಿಯುವವರೆಗೆ ಒಡೆಯನನ್ನು ಬಿಟ್ಟುಹೋಗುವದು ಅಪರಾಧ. ಅದಕ್ಕೆ ಸೆರೆಮನೆಯ ಶಿಕ್ಷೆ. ೧೯೧೧ರಲ್ಲಿ ಈ ಪದ್ಧತಿಯು ನೆಟಾಲದ ಮಟ್ಟಿಗೆ ನಿಲ್ಲುವವರೆಗೆ ಸುಮಾರು ೧,೫೨,೦೦೦ ಜನರು ಹೀಗೆ ಸಮುದ್ರ ದಾಟಿದರು. ಅವರಲ್ಲಿ ಹೆಚ್ಚಿನವರು ಮದ್ರಾಸಿನ ಬಂದರದಿಂದ ಹೋದವರು.

ಇಷ್ಟರವರೆಗೆ ಯಾರೊಬ್ಬರೂ ಸಂಸ್ಕೃತಿಯ ಮಾತೆತ್ತಲಿಲ್ಲ. ಕರಿಯ ಮೈಯ, ಬೇರೆ ದೇವರ, ಬೇರೆ ನುಡಿಯ ಸಾವಿರಾರು ಜನರು ಕಬ್ಬಿನ ತೋಟದೊಳಗೆ ತುಂಬಿಕೊಂಡಾಗ ನೆಟಾಲದ ಐರೋಪ್ಯ ಸಂಸ್ಕೃತಿಗೆ ಎಳ್ಳಷ್ಟೂ ಭಂಗ ಬರಲಿಲ್ಲ. ಭಂಗವು ಬಂದದ್ದು ಯಾವಾಗ? ಕೂಲಿಯ ಕರಾರು ಮುಗಿದು ಅವನು ಸ್ವತಂತ್ರನಾದಾಗ. ಸ್ವತಂತ್ರನಾದವನು ತುಂಡು ನೆಲವನ್ನು ಗೇಣಿಗೆ ಹಿಡಿದನು. ಕಾಯಿಪಲ್ಲೆ, ಹಣ್ಣು ಬೆಳೆದನು. ಬುಟ್ಟಿ ಹೊತ್ತು ಡರ್ಬಾನಿನ ಬೀದಿಬೀದಿಗಳಲ್ಲಿ ಅಗ್ಗವಾಗಿ ಮಾರಿದನು. ಇವರ ಬೆನ್ನಹಿಂದೆ ಗುಜರಾಥದ ವ್ಯಾಪಾರಸ್ಥರು ತಮ್ಮ ಖರ್ಚಿನಿಂದ ಬಂದು ಅಂಗಡಿಗಳನ್ನು ತೆರೆದರು. ೧೮೮೫ರಿಂದ ೧೮೮೭ರ ವರೆಗೆ ಕುಳಿತ ರ‍್ಯಾಗ್ ಆಯೋಗವು ನಾಡನ್ನೆಲ್ಲ ವಿಚಾರಿಸಿ ನೋಡಿತು. ಒಕ್ಕಲುತನದಲ್ಲಾಗಲಿ ವ್ಯಾಪಾರದಲ್ಲಾಗಲಿ ತಮಗೆ ಪ್ರತಿಸ್ಪರ್ಧಿಯಾಗಿ ನಿಲ್ಲುವ ಸ್ವತಂತ್ರ ಭಾರತೀಯನೇ ಬಹುಸಂಖ್ಯ ಬಿಳಿಯರಿಗೆ ಬೇಡವಾದವನೆಂದು ಅದು ಕಂಡುಕೊಂಡಿತು. ಸರಕಾರವೇ ನೇಮಿಸಿದ ಆಯೋಗದ ಈ ಮಾತಿಗಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕು? ಅವರಿಗೆ ಕೈ ಬೇಕಾಗಿತ್ತು; ಕೈಯ ಹಿಂದೆ ಇದ್ದ ಮನುಷ್ಯನು ಬೇಡವಾಗಿದ್ದನು.

೧೮೯೩ರಲ್ಲಿ ನೆಟಾಲದ ಬಿಳಿಯರಿಗೆ ಜವಾಬ್ದಾರಿ ಸರಕಾರವು ದೊರೆಯಿತು. ಅದು ಮಾಡಿದ ಕೆಲಸವನ್ನು ನೋಡಿರಿ. ೧೮೯೫ರ ಕಾಯದೆಯಿಂದ, ಕರಾರು ಮುಗಿದ ಮೇಲೆ ಅಲ್ಲಿಯೇ ಉಳಿಯುವ ಪ್ರತಿಯೊಬ್ಬ ಭಾರತೀಯನ ಮೇಲೆ ವರ್ಷಕ್ಕೆ ಮೂರು ಪೌಂಡುಗಳ ತಲೆಗಂದಾಯವನ್ನು ಹೇರಿದರು. ಮೊದಲು ಇಪ್ಪತ್ತೈದು ಪೌಂಡುಗಳೆಂದು ಕೇಳಿದ್ದರು. ವೈಸರಾಯ ಎಲ್ಗಿನ್ನನು ಮೂರಕ್ಕೆ ಒಪ್ಪಿಗೆ ಕೊಟ್ಟನು. ವಾಚಕರೇ ಲೆಕ್ಕ ಮಾಡಿರಿ: ಮೂರು ಪೌಂಡೆಂದರೆ ಅರವತ್ತು ಶಿಲಿಂಗು, ತಿಂಗಳಿಗೆ ಹತ್ತು ಶಿಲಿಂಗು ದುಡಿಯುತ್ತಿದ್ದ ಕೂಲಿಗೆ ಅದು ಆರು ತಿಂಗಳ ಸಂಬಳ! ಹದಿನಾರು ವರ್ಷ ತುಂಬಿದ ಹುಡುಗನೂ ಹದಿಮೂರು ತುಂಬಿದ ಹುಡುಗಿಯೂ ಈ ಕಂದಾಯದೊಳಗೆ ಬರುತ್ತಿದ್ದರು. ಗಂಡ, ಹೆಂಡತಿ, ಬೆಳೆದ ಎರಡು ಮಕ್ಕಳಿದ್ದ ಸಂಸಾರಕ್ಕೆ ವರ್ಷಕ್ಕೆ ಹನ್ನೆರಡು ಪೌಂಡು. ಕೊಡಲಾರದವನಿಗೆ ಉಳಿದ ದಾರಿಗಳು ಎರಡೇ: ಮರಳಿ ಹಡಗು ಹತ್ತುವದು, ಇಲ್ಲವೆ ಮರಳಿ ಗಿರಮಿಟಕ್ಕೆ ಹೆಬ್ಬೆಟ್ಟು ಒತ್ತುವದು. ಈ ಕಂದಾಯವು ಬಂದವನನ್ನು ಹೊರಗೆ ಹಾಕುವ ಉಪಾಯವೆಂದು ಹೇಳುವವರು ಅರ್ಧ ಸತ್ಯವನ್ನು ಹೇಳುತ್ತಾರೆ. ಅವನನ್ನು ಮರಳಿ ಹಗ್ಗಕ್ಕೆ ಕಟ್ಟುವ ಉಪಾಯವೂ ಅದೇ ಆಗಿತ್ತು.

ಇನ್ನು ಸಂಸ್ಕೃತಿಯ ನಾಲಗೆ ನುಡಿದದ್ದನ್ನು ಕೇಳೋಣ. ೧೮೯೬ರ ಡಿಸೆಂಬರಿನಲ್ಲಿ 'ಕೋರ್ಲ್ಯಾಂಡ್', 'ನಾದರಿ' ಎಂಬ ಎರಡು ಹಡಗುಗಳು ಭಾರತೀಯ ಪ್ರಯಾಣಿಕರನ್ನು ಹೊತ್ತು ಡರ್ಬಾನಿನ ಮುಂದೆ ನಿಂತವು. ಒಂದರಲ್ಲಿ ಗಾಂಧಿಯವರಿದ್ದರು. ಪ್ಲೇಗಿನ ನೆವದಿಂದ ಹಡಗುಗಳನ್ನು ವಾರಗಟ್ಟಲೆ ತಡೆದರು. ಊರೊಳಗೆ ಸಭೆಗಳು ಕೂಡಿದವು. ಭಾರತೀಯರ ಪ್ರವಾಹವು ನಾಡನ್ನು ಮುಳುಗಿಸುವದೆಂದು ಭಾಷಣಗಳಾದವು. ೧೮೯೭ರ ಜನವರಿ ೧೩ರಂದು ರೈಲ್ವೆ ನೌಕರರು, ಬಡಗಿಗಳು, ಅಂಗಡಿಯ ಸಹಾಯಕರು ತಂಡತಂಡವಾಗಿ ಬಂದರದ ಕಡೆಗೆ ನಡೆದರು. ಅಂದು ಸಂಜೆ ಗಾಂಧಿಯವರ ಮೇಲೆ ಕಲ್ಲು, ಕೊಳೆತ ಮೊಟ್ಟೆಗಳು ಬಿದ್ದವು; ಪೋಲೀಸ ಅಧಿಕಾರಿ ಅಲೆಕ್ಸಾಂಡರನ ಹೆಂಡತಿಯು ತನ್ನ ಕೊಡೆಯನ್ನು ಬಿಚ್ಚಿ ಅಡ್ಡ ಬಂದು ನಿಲ್ಲದಿದ್ದರೆ ಅವರ ಪ್ರಾಣವು ಅಲ್ಲಿಯೇ ಹೋಗುತ್ತಿತ್ತು. ಹೊಡೆದವರ ಮೇಲೆ ಖಟ್ಲೆ ಹೂಡಬೇಕೆಂದಾಗ ಗಾಂಧಿಯವರು ಒಪ್ಪಲಿಲ್ಲ. ಹೊಡೆದವರನ್ನು ಯಾರೋ ತಪ್ಪುದಾರಿಗೆ ಹಚ್ಚಿದ್ದರು. ದೋಷವು ಮುಂದಾಳುಗಳದು, ಸರಕಾರದ್ದು ಎಂದು ಮಂತ್ರಿ ಎಸ್ಕಂಬನ ಇದಿರಿನಲ್ಲಿಯೇ ಹೇಳಿದರು. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುವದು.

ಅದೇ ವರ್ಷ ಬಂದ ಕಾಯದೆಗಳಲ್ಲಿ ಎರಡು ಮುಖ್ಯವಾದವು. ಮೊದಲನೆಯದು ವಲಸೆಯ ನಿರ್ಬಂಧದ ಕಾಯದೆ. ಅದರಲ್ಲಿ 'ಭಾರತೀಯ' ಎಂಬ ಶಬ್ದವೇ ಇರಲಿಲ್ಲ! ಐರೋಪ್ಯ ಭಾಷೆಯೊಂದರ ಅಕ್ಷರಗಳಲ್ಲಿ ತನ್ನ ಅರ್ಜಿಯನ್ನು ತಾನೇ ಬರೆದು ಸಹಿ ಮಾಡಲಾರದವನು ನಾಡಿನೊಳಗೆ ಕಾಲಿಡಕೂಡದೆಂದು ಮಾತ್ರ ಇತ್ತು. ಎಂಥ ನಯ, ಎಂಥ ನಾಜೂಕು! ಬಣ್ಣದ ಹೆಸರಿಲ್ಲ, ಕುಲದ ಹೆಸರಿಲ್ಲ. ವಿದ್ಯೆಯ ಒಂದು ಚಿಕ್ಕ ಪರೀಕ್ಷೆ ಅಷ್ಟೇ. ಸೂರತದ ವರ್ತಕನು ತನ್ನ ಗುಜರಾಥಿಯಲ್ಲಿ ಲಕ್ಷಗಟ್ಟಲೆ ವ್ಯವಹಾರದ ಲೆಕ್ಕ ಬರೆಯಬಲ್ಲನು. ಆ ಕಾಯದೆಯ ಪ್ರಕಾರ ಅವನು ನಿರಕ್ಷರಿ.

ಆದರೆ ಇದೇ ಕಾಯದೆಯಲ್ಲಿ ಇನ್ನೊಂದು ಕಲಮು ಇತ್ತು. ಸರಕಾರವು ಒಪ್ಪಿದ ವ್ಯವಸ್ಥೆಯಂತೆ ಬರುವವರಿಗೆ ಈ ನಿರ್ಬಂಧವು ತಗಲುತ್ತಿರಲಿಲ್ಲ. ಅಂದರೆ ಗಿರಮಿಟದ ಕೂಲಿಯು ಯಾವ ಪರೀಕ್ಷೆಯೂ ಇಲ್ಲದೆ ಒಳಗೆ ಬರಬಹುದಾಗಿತ್ತು. ಇಲ್ಲಿ ಸ್ವಲ್ಪ ನಿಂತು ಯೋಚಿಸಿರಿ. ಓದುಬರಹ ಬಲ್ಲ ವರ್ತಕನೊಬ್ಬನು ಬಂದರೆ ಸಂಸ್ಕೃತಿಯು ಕೆಡುವದು. ಓದುಬರಹವಿಲ್ಲದ ಸಾವಿರ ಕೂಲಿಗಳು ಬಂದರೆ ಕೆಡುವದಿಲ್ಲ! ಸಂಸ್ಕೃತಿಯ ರಕ್ಷಣೆಯೇ ಇವರ ಉದ್ದೇಶವಾಗಿದ್ದರೆ ಬಾಗಿಲು ಇಬ್ಬರಿಗೂ ಮುಚ್ಚಬೇಕಾಗಿತ್ತು. ಕೂಲಿಗೆ ತೆರೆದ ಬಾಗಿಲು ವರ್ತಕನಿಗೆ ಮುಚ್ಚಿತೆಂದರೆ, ಅದನ್ನು ಮುಚ್ಚಿದ ಕೈ ಸಂಸ್ಕೃತಿಯದಲ್ಲ, ಅಂಗಡಿಯದು. ಸಂಸ್ಕೃತಿಯು ಕಾಯದೆಯ ಕಾಗದಕ್ಕೆ ಹಾಕಿದ ಮುದ್ರೆ ಮಾತ್ರ.

ಎರಡನೆಯದು ವ್ಯಾಪಾರದ ಪರವಾನಿಗೆಯ ಕಾಯದೆ. ಲೆಕ್ಕದ ಪುಸ್ತಕಗಳನ್ನು ಇಂಗ್ಲಿಷಿನಲ್ಲಿ ಇಡಲಾರದವನಿಗೆ ಪರವಾನಿಗೆಯಿಲ್ಲ. ಅಂಗಡಿಯು ಆರೋಗ್ಯಕ್ಕೆ ತಕ್ಕಂತಿಲ್ಲವೆಂದು ಕಂಡರೂ ಇಲ್ಲ. ಪರವಾನಿಗೆಯ ಅಧಿಕಾರಿಯು ಕೊಡೆನೆಂದರೆ ನ್ಯಾಯಾಲಯಕ್ಕೆ ಹೋಗುವಂತಿಲ್ಲ, ನಗರಸಭೆಗೆ ಮೊರೆಯಿಡಬೇಕು. ನಗರಸಭೆಯಲ್ಲಿ ಕುಳಿತವರಾರು? ಬಹುಮಟ್ಟಿಗೆ ಬಿಳಿಯ ವ್ಯಾಪಾರಸ್ಥರೇ. ಬೇಲಿಯೇ ಎದ್ದು ಹೊಲ ಮೇಯುವಲ್ಲಿ ಹೊಲದವನು ಯಾರಿಗೆ ದೂರು ಹೇಳಬೇಕು? ಭಾರತೀಯರಲ್ಲಿ ಶುಚಿತ್ವವಿಲ್ಲವೆಂಬ ಆರೋಪವನ್ನು ಗಾಂಧಿಯವರು ಸಾರಾಸಗಟಾಗಿ ತಳ್ಳಿಹಾಕಲಿಲ್ಲ. ಅದರಲ್ಲಿ ಹುರುಳಿದ್ದಷ್ಟನ್ನು ಒಪ್ಪಿಕೊಂಡು, ನಮ್ಮವರಿಗೆ ಮನೆಮನೆಗೆ ಹೋಗಿ ಬುದ್ಧಿ ಹೇಳಿದರು. ಆದರೆ ಅಂಗಡಿಯನ್ನು ಎಷ್ಟು ಸಾರಿಸಿ ತೊಳೆದರೂ ಪರವಾನಿಗೆಯು ಪ್ರತಿಸ್ಪರ್ಧಿಯ ಕೈಯಲ್ಲಿತ್ತು. ಆರೋಪವನ್ನು ತೊಳೆಯಬಹುದು, ಹೊಟ್ಟೆಕಿಚ್ಚನ್ನು ತೊಳೆಯುವದು ಹೇಗೆ?

ಇಲ್ಲಿ ನಮ್ಮ ಓದುಗರಲ್ಲಿ ಕೆಲವರು ಒಂದು ಪ್ರಶ್ನೆಯನ್ನು ಕೇಳಬಹುದು. ಬಿಳಿಯ ಬಡಗಿ, ಬಿಳಿಯ ಚಿಕ್ಕ ಅಂಗಡಿಕಾರ ಇವರ ಭಯವು ಸುಳ್ಳೇ? ಅಗ್ಗದ ಕೂಲಿಯು ಬಂದರೆ ಇದ್ದವನ ಕೂಲಿಯು ಇಳಿಯುವದಿಲ್ಲವೇ? ಈ ಪ್ರಶ್ನೆಯನ್ನು ನಾವು ಹಗುರಾಗಿ ನೋಡುವದಿಲ್ಲ. ಹೊಟ್ಟೆಯ ಭಯವು ಸುಳ್ಳಲ್ಲ. ಯಾವ ದೇಶದ ದುಡಿಯುವವನ ಭಯವೂ ಸುಳ್ಳಲ್ಲ. ಆದರೆ ಭಾರತೀಯ ಕೂಲಿಯು ಅಗ್ಗವಾದದ್ದು ಯಾತರಿಂದ? ಅವನ ಹುಟ್ಟಿನಿಂದಲ್ಲ, ಆಹಾರದಿಂದಲ್ಲ, ಧರ್ಮದಿಂದಲ್ಲ. ಹೆಚ್ಚಿಗೆ ಸಂಬಳ ಕೇಳಿ ಕೆಲಸ ಬಿಟ್ಟರೆ ಅವನಿಗೆ ಸೆರೆಮನೆ. ಕರಾರು ಮುಗಿಸಿ ಉಳಿದರೆ ಮೂರು ಪೌಂಡು. ಹೀಗೆ ಕೈಕಾಲು ಕಟ್ಟಿದವನು ಅಗ್ಗವಾಗದೆ ಇನ್ನೇನಾದಾನು? ಅಗ್ಗತನವು ಮನುಷ್ಯನ ಗುಣವಲ್ಲ, ಕಾಯದೆಯ ಗುಣ. ಕೂಲಿಯ ದರವು ಇಳಿಯಬಾರದೆಂದಿದ್ದರೆ ಬಿಳಿಯ ಕೆಲಸಗಾರರು ಬಂದರಕ್ಕೆ ಹೋಗಿ ಹಡಗನ್ನು ತಡೆಯಬೇಕಾಗಿರಲಿಲ್ಲ. ಶಾಸನಸಭೆಯ ಬಾಗಿಲಿಗೆ ಹೋಗಿ ಗಿರಮಿಟವನ್ನು ಹರಿಯಿರೆಂದು ಕೇಳಬೇಕಾಗಿತ್ತು. ಆದರೆ ಅಲ್ಲಿ ಕುಳಿತವರು ತಮ್ಮ ಬಣ್ಣದವರು, ಹಡಗಿನಲ್ಲಿದ್ದವರು ಬೇರೆ ಬಣ್ಣದವರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು.

ಸಂಸ್ಕೃತಿಯ ಮಾತಿನ ನಿಜವಾದ ಕೆಲಸವು ಇದೇ. ಅದು ಬರಿಯ ಮುಖವಾಡವೆಂದು ನಾವು ಹೇಳುವದಿಲ್ಲ. ಮುಖವಾಡವಾಗಿದ್ದರೆ ಇಷ್ಟು ಜನರು ಅದನ್ನು ನಂಬುತ್ತಿರಲಿಲ್ಲ. ತನ್ನ ನುಡಿ, ತನ್ನ ನಡೆ ಅಳಿದುಹೋದೀತೆಂಬ ಅಂಜಿಕೆಯು ಬಡವನ ಎದೆಯಲ್ಲಿಯೂ ಪ್ರಾಮಾಣಿಕವಾಗಿಯೇ ಇರುವದು. ಲಾಭಕೋರನಿಗೆ ಆ ಅಂಜಿಕೆಯೇ ಬಂಡವಾಳ. ತೋಟದ ಒಡೆಯ, ಕೆಲಸಗಾರ ಇವರಿಬ್ಬರ ಹಿತಗಳು ಬೇರೆಬೇರೆ. ಹಿತಗಳು ಬೇರೆಯಾದವರನ್ನು ಒಂದೇ ಮೆರವಣಿಗೆಯಲ್ಲಿ ನಡೆಸಬೇಕಾದರೆ ಸಂಸ್ಕೃತಿಯೆಂಬ ಒಂದು ಧ್ವಜವು ಬೇಕು. ಆರ್ಥಿಕ ಹಿತವು ಕೆಲವರದು. ಅದಕ್ಕೆ ಮತ ಕೊಡುವವರು ಎಲ್ಲರೂ ಆಗಬೇಕಾದರೆ ಆ ಹಿತಕ್ಕೆ ಎಲ್ಲರ ಹೆಸರನ್ನು ಇಡಬೇಕಾಗುವದು. ದೋಷವು ಮುಂದಾಳುಗಳದೆಂದು ಗಾಂಧಿಯವರು ಹೇಳಿದ್ದರ ಅರ್ಥವು ಇದೇ.

ನೆಟಾಲದ ಈ ಯುಕ್ತಿಯು ನೆಟಾಲದಲ್ಲಿಯೇ ಉಳಿಯಲಿಲ್ಲ. ಅದೇ ೧೮೯೭ರಲ್ಲಿ ಲಂಡನ್ನಿನಲ್ಲಿ ವಸಾಹತುಗಳ ಪ್ರಧಾನಿಗಳು ಕೂಡಿದಾಗ, ಬಣ್ಣದ ಹೆಸರೆತ್ತದೆ ಬಣ್ಣದವರನ್ನು ತಡೆಯುವ ಈ ಮಾದರಿಯನ್ನು ವಸಾಹತು ಮಂತ್ರಿ ಚೇಂಬರ್ಲೇನನು ಮಿಕ್ಕವರಿಗೂ ತೋರಿಸಿಕೊಟ್ಟನು. ೧೯೦೧ರಲ್ಲಿ ಆಸ್ಟ್ರೇಲಿಯವು ಅದನ್ನು ಕೈಗೆತ್ತಿಕೊಂಡಿತು: ಅಧಿಕಾರಿಯು ಐರೋಪ್ಯ ಭಾಷೆಯೊಂದರಲ್ಲಿ ಐವತ್ತು ಶಬ್ದಗಳನ್ನು ಓದುವನು, ಬಂದವನು ತಪ್ಪಿಲ್ಲದೆ ಬರೆಯಬೇಕು. ಯಾವ ಭಾಷೆಯೆಂಬುದು ಅಧಿಕಾರಿಯ ಇಚ್ಛೆ. ಕ್ವೀನ್ಸ್‌ಲ್ಯಾಂಡಿನ ಕಬ್ಬಿನ ತೋಟಗಳಲ್ಲಿ ದುಡಿಸಿಕೊಂಡಿದ್ದ ಶಾಂತಸಾಗರದ ದ್ವೀಪವಾಸಿಗಳನ್ನು ಹೊರಗಟ್ಟಲು ಅದೇ ವರ್ಷ ಇನ್ನೊಂದು ಕಾಯದೆಯನ್ನು ಮಾಡಿದರು, ಅಲ್ಲಿಯೂ ಕಬ್ಬೇ! ೧೯೩೪ರಲ್ಲಿ ಎಗಾನ್ ಕಿಶ್ ಎಂಬ ಲೇಖಕನು ಹಿಟ್ಲರನ ವಿರುದ್ಧ ಮಾತನಾಡಲು ಆ ದೇಶಕ್ಕೆ ಬಂದನು. ಅವನು ಹಲವು ಭಾಷೆಗಳನ್ನು ಬಲ್ಲವನಾದುದರಿಂದ ಅಧಿಕಾರಿಗಳು ಸ್ಕಾಟ್ಲಂಡಿನ ಗೇಲಿಕ್ ಭಾಷೆಯಲ್ಲಿ ಪರೀಕ್ಷೆ ಕೊಟ್ಟರು! ಆ ದೇಶದ ಉಚ್ಚ ನ್ಯಾಯಾಲಯವೇ ಅದನ್ನು ತಳ್ಳಿಹಾಕಬೇಕಾಯಿತು. ಪರೀಕ್ಷೆಯ ಕಾಯದೆಯು ರದ್ದಾದದ್ದು ೧೯೫೮ರಲ್ಲಿ. ಭಾಷೆಯು ಇಲ್ಲಿ ಭಾಷೆಯಾಗಿ ಉಳಿಯಲಿಲ್ಲ. ಬೀಗವಾಯಿತು, ಕೀಲಿಯು ಕಾವಲುಗಾರನ ಕಿಸೆಯಲ್ಲಿತ್ತು.

ನೆಟಾಲದಲ್ಲಿ ನಮ್ಮವರು ಸುಮ್ಮನೆ ಕೂಡಲಿಲ್ಲವೆಂಬುದು ನಮಗೆ ಹೆಮ್ಮೆಯ ಸಂಗತಿ. ೧೯೧೦ರಲ್ಲಿ ಗೋಖಲೆಯವರು ವೈಸರಾಯರ ಶಾಸನಸಭೆಯಲ್ಲಿ ಗಿರಮಿಟದ ವಿರುದ್ಧ ಠರಾವನ್ನು ತಂದರು. ೧೯೧೩ರಲ್ಲಿ ನ್ಯೂಕ್ಯಾಸಲಿನ ಕಲ್ಲಿದ್ದಲ ಗಣಿಗಳ ಕೂಲಿಗಳು ಕೆಲಸ ನಿಲ್ಲಿಸಿದರು. ನವಂಬರ ೬ರಂದು ಎರಡು ಸಾವಿರಕ್ಕೂ ಹೆಚ್ಚು ಗಂಡಸರು, ಅವರೊಡನೆ ಹೆಂಗಸರು ಮಕ್ಕಳು, ಗಾಂಧಿಯವರ ಹಿಂದೆ ಗಡಿ ದಾಟಿ ನಡೆದರು. ೧೯೧೪ರಲ್ಲಿ ಮೂರು ಪೌಂಡುಗಳ ಕಂದಾಯವು ರದ್ದಾಯಿತು. ಆದರೂ ಭಾರತೀಯರು ಆ ನೆಲದ ಕಾಯಂ ಜನರೆಂದು ಅಲ್ಲಿಯ ಸರಕಾರವು ಒಪ್ಪಿಕೊಂಡದ್ದು ೧೯೬೧ರಲ್ಲಿ. 'ಟ್ರೂರೋ' ಹಡಗು ಬಂದು ಒಂದು ನೂರು ವರ್ಷ ಕಳೆದ ಮೇಲೆ!

ಕಥೆಯು ಇಲ್ಲಿಗೆ ಮುಗಿದಿದ್ದರೆ ಬಿಳಿಯರನ್ನು ನಿಂದಿಸಿ ನಾವು ಲೇಖನಿಯನ್ನು ಕೆಳಗಿಡಬಹುದಾಗಿತ್ತು. ಮುಗಿಯಲಿಲ್ಲ. ೧೯೪೯ರ ಜನವರಿಯಲ್ಲಿ ಅದೇ ಡರ್ಬಾನಿನಲ್ಲಿ ಆಫ್ರಿಕದ ಜನರು ಭಾರತೀಯರ ಅಂಗಡಿ-ಮನೆಗಳ ಮೇಲೆ ಬಿದ್ದರು. ಆ ಗಲಭೆಯಲ್ಲಿಯೂ ಅದನ್ನು ಅಡಗಿಸುವಾಗಲೂ ಸತ್ತವರು ೧೪೨ ಜನ, ಅವರಲ್ಲಿ ಹೆಚ್ಚಿನವರು ಆಫ್ರಿಕದವರೇ. ಭೂಮಿಯನ್ನೂ ಮತವನ್ನೂ ಕಸಿದುಕೊಂಡ ಬಿಳಿಯನು ದೂರದ ಗುಡ್ಡದ ಮೇಲಿನ ಬಂಗಲೆಯಲ್ಲಿದ್ದನು. ಕೈಗೆ ಸಿಕ್ಕವನು ಬೀದಿಯ ತುದಿಯ ಭಾರತೀಯ ಅಂಗಡಿಕಾರನು. ಮುಂದೆ ೧೯೯೪ರಲ್ಲಿ ಆ ನಾಡು ಸ್ವತಂತ್ರವಾಯಿತು. ೨೦೦೮ರ ಮೇ ತಿಂಗಳಲ್ಲಿ ಜೋಹಾನ್ಸ್‌ಬರ್ಗಿನ ಅಲೆಕ್ಸಾಂಡ್ರಾ ಎಂಬ ಬಡವರ ಕೇರಿಯಲ್ಲಿ ಹೊತ್ತಿದ ಬೆಂಕಿಯು ಊರೂರಿಗೆ ಹಬ್ಬಿತು. ಜಿಂಬಾಬ್ವೆಯಿಂದ, ಮೊಜಾಂಬಿಕಿನಿಂದ ದುಡಿಯಲು ಬಂದವರು ಕೆಲಸವನ್ನೂ ಮನೆಗಳನ್ನೂ ಕಸಿದರೆಂಬುದೇ ಕೂಗು. ಗುಂಪುಗಳು ದಾರಿಹೋಕರನ್ನು ತಡೆದು, ಮೊಣಕೈಗೆ ಜುಲು ಭಾಷೆಯಲ್ಲಿ ಏನೆನ್ನುತ್ತಾರೆ ಹೇಳೆಂದು ಕೇಳಿದವು. ಹೇಳಲಾರದವನಿಗೆ ಪೆಟ್ಟು ಬಿದ್ದಿತು. ಸತ್ತವರು ೬೨ ಜನ. ಅವರಲ್ಲಿ ೨೧ ಜನರು ಆ ದೇಶದ ಪ್ರಜೆಗಳೇ! ೧೮೯೭ರಲ್ಲಿ ಬಂದರದ ಅಧಿಕಾರಿಯು ಕಾಗದದ ಮೇಲೆ ಮಾಡಿದ ಪರೀಕ್ಷೆಯನ್ನು ೨೦೦೮ರಲ್ಲಿ ಬೀದಿಯ ಗುಂಪು ಬಡಿಗೆ ಹಿಡಿದು ಮಾಡಿತು. ಹೊರಗಿನವನನ್ನು ಹುಡುಕಲು ಹೊರಟ ಬೀಗವು ಮನೆಯವನನ್ನೂ ಹೊರಗಿಟ್ಟಿತು. ಪೀಡಿತನಾದವನು ತಾನಾಗಿ ನ್ಯಾಯವಂತನಾಗುವದಿಲ್ಲವೆಂಬ ಕಹಿ ಪಾಠವು ಇದು.

ಈ ಪಾಠವನ್ನು ದೂರದ ದೇಶಕ್ಕೆ ಮಾತ್ರ ಹೇಳಿ ನಾವು ಪಾರಾಗಲಾರೆವು. ಭಾಷೆಯು ಬೀಗವಾದಾಗ ಹೊರಗೆ ನಿಲ್ಲುವದೆಂದರೇನೆಂದು ಕನ್ನಡಿಗರಿಗೆ ಗೊತ್ತು. ನಿಜಾಮನ ಸೀಮೆಯಲ್ಲಿ ಆಡಳಿತದ ಬಾಗಿಲು ಉರ್ದುವಿನಲ್ಲಿತ್ತು. ಮುಂಬಯಿ ಕರ್ನಾಟಕದ ಶಾಲೆಯೊಳಗೆ ಒಂದು ಕಾಲಕ್ಕೆ ಮರಾಠಿಯೇ ಗುರುವಾಗಿತ್ತು. ಏಕೀಕರಣದ ಕೂಗು ಎದ್ದದ್ದು ಆ ಬೀಗವನ್ನು ತೆಗೆಯಲಿಕ್ಕೆ. ೧೯೫೬ರ ನವಂಬರ ೧ರಂದು ಅದು ತೆರೆಯಿತು. ಮುಂದೆ ಹತ್ತು ವರ್ಷಗಳಾಗಿದ್ದವು. ೧೯೬೬ರಲ್ಲಿ ಹುಟ್ಟಿದ ಶಿವಸೇನೆಯು ಮುಂಬಯಿಯಲ್ಲಿ ದಕ್ಷಿಣದವರ ವಿರುದ್ಧ ಕೂಗೆಬ್ಬಿಸಿತು. ಉಡುಪಿಯ ಹೋಟೆಲುಗಳ ಮೇಲೆ ಕಲ್ಲು ಬಿದ್ದವು. ಅಂದು ನಾವು ಅನ್ಯಾಯವೆಂದೆವು, ಅದು ಅನ್ಯಾಯವೇ. ಆದರೆ ೧೯೯೧ರ ಡಿಸೆಂಬರಿನಲ್ಲಿ ಕಾವೇರಿ ನೀರಿನ ಜಗಳದ ಬಿಸಿಯಲ್ಲಿ ಬೆಂಗಳೂರು-ಮೈಸೂರುಗಳ ತಮಿಳರ ಮನೆ-ಗುಡಿಸಲುಗಳಿಗೆ ಬೆಂಕಿ ಬಿದ್ದಾಗ ಯಾರು ಯಾರಿಗೆ ಅನ್ಯಾಯವೆಂದರು? ನೀರನ್ನು ಹಂಚುವ ತೀರ್ಮಾನವು ನ್ಯಾಯಮಂಡಳಿಯದು. ಉರಿದ ಗುಡಿಸಲು ಗಾರೆ ಹೊರುವ ಕೂಲಿಯದು. ಮತ್ತೆ ಎತ್ತಿನ ಜ್ವರ, ಎಮ್ಮೆಗೆ ಬರೆ!

ಹಾಗಾದರೆ ಕನ್ನಡದ ಹಕ್ಕನ್ನು ಕೇಳಬಾರದೇ? ಕೇಳಲೇಬೇಕು, ಗಟ್ಟಿಯಾಗಿ ಕೇಳಬೇಕು. ಕಚೇರಿಯಲ್ಲಿ ಕನ್ನಡ, ನ್ಯಾಯಾಲಯದಲ್ಲಿ ಕನ್ನಡ, ಶಾಲೆಯಲ್ಲಿ ಕನ್ನಡ ಇವುಗಳಲ್ಲಿ ಒಂದನ್ನೂ ನಾವು ಬಿಟ್ಟುಕೊಡುವದಿಲ್ಲ. ಆದರೆ ಅದನ್ನು ಕೇಳಬೇಕಾದದ್ದು ಯಾರ ಇದಿರಿಗೆ ಎಂಬುದೇ ಮುಖ್ಯ ಪ್ರಶ್ನೆ. ಭಾಷೆಯ ಹಕ್ಕನ್ನು ಸರಕಾರದ ಇದಿರಿಗೆ, ಸಂಬಳ ಕೊಡುವ ಧಣಿಯ ಇದಿರಿಗೆ, ತಲೆಯೆತ್ತಿ ಮೇಲೆ ನೋಡಿ ಕೇಳಬೇಕು. ಕೂಲಿಯ ಇದಿರಿಗೆ, ಬಗ್ಗಿ ಕೆಳಗೆ ನೋಡಿ ಕೇಳಬಾರದು. ಅಗ್ಗದ ಕೂಲಿಯಿಂದ ನಮ್ಮ ದುಡಿಯುವವರಿಗೆ ಹಾನಿಯಾಗುತ್ತಿದ್ದರೆ, ಬಂದವನಿಗೂ ಇದ್ದವನಿಗೂ ಒಂದೇ ಕೂಲಿಯನ್ನು ಕೊಡುವಂತೆ ಧಣಿಯನ್ನು ಕಟ್ಟಿಹಾಕಿರಿ. ಕೂಲಿಯ ಗುಡಿಸಲಿಗೆ ಬೆಂಕಿಯಿಡುವದರಿಂದ ಧಣಿಯ ಲಾಭದಲ್ಲಿ ಒಂದು ಕಾಸೂ ಇಳಿಯುವದಿಲ್ಲ.

ನಮ್ಮ ಶಾಲೆಗಳ ಮಾಸ್ತರರಿಗೆ ಒಂದು ಮಾತನ್ನು ಹೇಳಿ ಮುಗಿಸುತ್ತೇವೆ. ಪರನಾಡಿನಿಂದ ದುಡಿಯಲು ಬಂದವನ ಮಗುವು ನಿಮ್ಮ ವರ್ಗದ ಹಿಂದಿನ ಮಣೆಯ ಮೇಲೆ ಬಂದು ಕುಳಿತಿರಬಹುದು. ಅದಕ್ಕೆ ಮೊಣಕೈಯೆಂಬ ಶಬ್ದವು ಗೊತ್ತಿಲ್ಲದಿರಬಹುದು. ಆ ಶಬ್ದವನ್ನು ಕೇಳಿ ಶಿಕ್ಷಿಸುವವರು ಲೋಕದಲ್ಲಿ ಸಾಕಷ್ಟು ಜನರಿದ್ದಾರೆ. ನೀವು ಅದರ ಮೊಣಕೈಯನ್ನು ಮುಟ್ಟಿ, ಇದು ಮೊಣಕೈಯೆಂದು ಕಲಿಸಿರಿ. ಕನ್ನಡವು ಬೆಳೆಯುವದು ಆ ದಾರಿಯಿಂದ.